ಒಂದೇ ಮುಖ, ಸಾವಿರ ಹೆಸರು

ನಾಮಕರಣದ ದಿನ ಕೂಸಿನ ಕಿವಿಯಲ್ಲಿ ಹೆಸರನ್ನು ಉಸುರುವ ಪದ್ಧತಿ ನಮ್ಮ ಮನೆಗಳಲ್ಲಿ ಇಂದಿಗೂ ಉಂಟು. ಆ ಗಳಿಗೆಯವರೆಗೆ ಅದು ಬರಿಯ ‘ಮಗು’. ಅಲ್ಲಿಂದ ಮುಂದೆ ಅದೊಂದು ವ್ಯಕ್ತಿ. ಹೆಸರಿಗೆ ಬದಲಾಗಿ ಒಂದೊಂದು ಅಂಕಿಯನ್ನಷ್ಟೇ ಕೊಟ್ಟು ಲಕ್ಷಾಂತರ ಮಂದಿಯನ್ನು ಬೆಳೆಸಿದರೆ, ಅವರು ವ್ಯಕ್ತಿಗಳೆನಿಸುವರೇ, ವಸ್ತುಗಳಾಗಿಯೇ ಉಳಿಯುವರೇ? ಇಂತಹ ಗಂಭೀರ ಪ್ರಶ್ನೆಯನ್ನು, ಮಕ್ಕಳು ಕಣ್ಣರಳಿಸಿ ನೋಡುವ ‘ಸ್ಟಾರ್ ವಾರ್ಸ್’ ಎಂಬ ಅಮೆರಿಕದ ವೈಜ್ಞಾನಿಕ ಕಲ್ಪನಾಕಥೆ ಎತ್ತಿದೆಯೆಂದರೆ ಮನೆಯ ಹಿರಿಯರಿಗೆ ಅಚ್ಚರಿಯಾದೀತು.

ಮಳೆಯ ಗ್ರಹದ ಕಾರ್ಖಾನೆ

ಜಾರ್ಜ್ ಲೂಕಾಸ್ ನಿರ್ದೇಶಿಸಿ 2002ರಲ್ಲಿ ತೆರೆಗೆ ತಂದ ‘ಅಟ್ಯಾಕ್ ಆಫ್ ದಿ ಕ್ಲೋನ್ಸ್’ ಚಿತ್ರದಲ್ಲಿ ಈ ತದ್ರೂಪಿ ಸೈನಿಕರ ಜನ್ಮವೃತ್ತಾಂತವಿದೆ. ಎಡೆಬಿಡದೆ ಮಳೆ ಸುರಿಯುವ ಕಮಿನೋ ಎಂಬ ಕಡಲ ಗ್ರಹ. ಅಲ್ಲಿ ಜ್ಯಾಂಗೋ ಫೆಟ್ ಎಂಬ ಬಾಡಿಗೆ ಬಂಟನ ಜೀವಕಣಗಳಿಂದ ಸೈನಿಕರನ್ನು ತಯಾರಿಸುತ್ತಾರೆ. ಅವರು ಮನುಷ್ಯರಿಗಿಂತ ಎರಡು ಪಟ್ಟು ವೇಗವಾಗಿ ಬೆಳೆಯುತ್ತಾರೆ. ಹತ್ತು ವರ್ಷದ ಬಾಲಕನಿಗೆ ಇಪ್ಪತ್ತರ ತರುಣನ ಮೈಕಟ್ಟು. ಗಣರಾಜ್ಯದ ಪರವಾಗಿ ಜೆಡೈ ಯೋಧನೊಬ್ಬನು ಅಲ್ಲಿಗೆ ಬಂದಾಗ, ಎರಡು ಲಕ್ಷ ‘ಘಟಕಗಳು’ ಸಿದ್ಧವಾಗಿವೆ, ಇನ್ನೂ ಹತ್ತು ಲಕ್ಷ ಸಿದ್ಧವಾಗುತ್ತಿವೆ ಎಂದು ತಯಾರಕರು ಲೆಕ್ಕ ಒಪ್ಪಿಸುತ್ತಾರೆ. ಇಟ್ಟಿಗೆಯ ಗೂಡಿನವನು ಆಡುವ ಮಾತಿನಂತಿದೆ ಇದು.

ಗಾಂಧಾರಿಯ ಒಂದೇ ಮಾಂಸಪಿಂಡವನ್ನು ತುಪ್ಪದ ಕುಂಭಗಳಲ್ಲಿರಿಸಿ ನೂರ್ವರನ್ನು ಪಡೆದ ಕಥೆ ನಮಗೆ ಹೊಸದಲ್ಲ. ಆ ನೂರ್ವರಲ್ಲಿಯೂ, ತುಂಬಿದ ಸಭೆಯಲ್ಲಿ ದ್ರೌಪದಿಯ ಪರವಾಗಿ ಎದ್ದು ನಿಂತ ವಿಕರ್ಣನೊಬ್ಬನಿದ್ದನು. ಒಂದೇ ಭ್ರೂಣದಿಂದ ಹುಟ್ಟಿದ ಅವಳಿಗಳ ಬೆರಳಚ್ಚು ಕೂಡ ಒಂದೇ ಆಗಿರುವುದಿಲ್ಲವೆಂದು ವಿಜ್ಞಾನವೂ ಹೇಳುತ್ತದೆ. ಆದರೆ ಪೂರ್ವಗ್ರಹಕ್ಕೆ ಇಷ್ಟು ಸೂಕ್ಷ್ಮವಾಗಿ ನೋಡುವ ವ್ಯವಧಾನವೆಲ್ಲಿಯದು?

ನೋಡುಗರಾದ ನಾವು ಕೂಡ ಇದಕ್ಕೆ ಹೊರತಾಗಿರಲಿಲ್ಲ. 2002ರ ಚಿತ್ರದಲ್ಲಿ ಸಾಲುಸಾಲಾಗಿ ನಡೆದ ಆ ಬಿಳಿಯ ಕವಚಗಳನ್ನು ಗಣಕಯಂತ್ರವೇ ಚಿತ್ರಿಸಿತ್ತು. ಅವರಲ್ಲಿ ಯಾರು ಬಿದ್ದರೆಂದು ನಾವಾರೂ ಕೇಳಲಿಲ್ಲ. 2008ರಲ್ಲಿ ಆರಂಭವಾದ ‘ದಿ ಕ್ಲೋನ್ ವಾರ್ಸ್’ ಎಂಬ ಸಜೀವಚಿತ್ರಮಾಲೆ ನಮ್ಮ ಈ ತಪ್ಪನ್ನು ತಿದ್ದಿತು. ಅಲ್ಲಿ ಒಬ್ಬನು ತಲೆ ಬೋಳಿಸಿಕೊಂಡಿದ್ದರೆ ಇನ್ನೊಬ್ಬನು ಹಣೆಯ ಮೇಲೆ ಹಚ್ಚೆ ಹೊಯ್ಯಿಸಿಕೊಂಡಿದ್ದಾನೆ. 7567 ಎಂಬ ಅಂಕಿಯವನು ರೆಕ್ಸ್. 5555 ಎಂಬವನು ಫೈವ್ಸ್. ಡೀ ಬ್ರ್ಯಾಡ್ಲಿ ಬೇಕರ್ ಎಂಬ ಒಬ್ಬನೇ ನಟನು ಇವರೆಲ್ಲರಿಗೂ ಕಂಠದಾನ ಮಾಡಿರುವನಾದರೂ, ಕಣ್ಣು ಮುಚ್ಚಿ ಕೇಳಿದರೂ ಇವನು ರೆಕ್ಸ್, ಇವನು ಫೈವ್ಸ್ ಎಂದು ಗುರುತಿಸಬಹುದು.

ಅಂಬಾರಾದ ಕತ್ತಲೆ

ಈ ಮಾಲೆಯಲ್ಲಿ 2011ರಲ್ಲಿ ಪ್ರಸಾರವಾದ ಅಂಬಾರಾ ಯುದ್ಧದ ನಾಲ್ಕು ಕಂತುಗಳನ್ನು ನೋಡಿದವರು ಮರೆಯಲಾರರು. ಬೆಳಕೇ ಕಾಣದ ಆ ಗ್ರಹದಲ್ಲಿ ಪಾಂಗ್ ಕ್ರೆಲ್ ಎಂಬ ನಾಲ್ಕು ತೋಳುಗಳ ಜೆಡೈ ಸೇನಾನಿ ಸೈನ್ಯದ ಹೊಣೆ ವಹಿಸಿಕೊಳ್ಳುತ್ತಾನೆ. ಅವನು ಯಾರನ್ನೂ ಹೆಸರು ಹಿಡಿದು ಕರೆಯುವವನಲ್ಲ, ಅಂಕಿಯೇ ಸಾಕು. ಸಾವು ಖಚಿತವೆಂದು ತೋರುವ ದಾರಿಯಲ್ಲಿಯೇ ಅವರನ್ನು ನೂಕುತ್ತಾನೆ. ಕೊನೆಗೊಮ್ಮೆ, ಶತ್ರುಗಳು ನಮ್ಮವರ ಕವಚವನ್ನು ತೊಟ್ಟು ಬರುತ್ತಿದ್ದಾರೆಂದು ಹೇಳಿ ರೆಕ್ಸನ ತುಕಡಿಯನ್ನು ಯುದ್ಧಕ್ಕೆ ಕಳುಹಿಸುತ್ತಾನೆ. ಎದುರು ತುಕಡಿಗೂ ಅದೇ ಮಾತನ್ನು ಹೇಳಲಾಗಿದೆ.

ಗುಂಡಿನ ಸುರಿಮಳೆಯ ನಡುವೆ ರೆಕ್ಸ್ ಬಿದ್ದವನೊಬ್ಬನ ಶಿರಸ್ತ್ರಾಣವನ್ನು ತೆಗೆಯುತ್ತಾನೆ. ಒಳಗಿರುವುದು ತನ್ನದೇ ಮುಖ!

ಯುದ್ಧ ನಿಲ್ಲುವ ವೇಳೆಗೆ ಎದುರು ತುಕಡಿಯ ವ್ಯಾಕ್ಸರ್ ಮರಣೋನ್ಮುಖನಾಗಿದ್ದನು. ಹಿಂದೊಮ್ಮೆ, ಪರಗ್ರಹದ ಅನಾಥ ಬಾಲಿಕೆಯೊಬ್ಬಳನ್ನು ಕಾಪಾಡಿ, ಆಕೆಯ ಚಿತ್ರವನ್ನು ತನ್ನ ಶಿರಸ್ತ್ರಾಣದ ಮೇಲೆ ಬರೆದುಕೊಂಡಿದ್ದ ಸೈನಿಕನವನು. ಒಂದು ಹನಿ ಕಣ್ಣೀರು ಉದುರುತ್ತದೆ, ಪ್ರಾಣ ಹೋಗುತ್ತದೆ. ‘ಘಟಕ’ವೊಂದು ಅಳುವುದುಂಟೇ?

ಕ್ರೆಲ್ ದುಷ್ಟನೆಂದು ಸಮಾಧಾನಪಟ್ಟುಕೊಳ್ಳುವುದು ಸುಲಭ. ಆದರೆ ಒಳ್ಳೆಯವರು ಏನು ಮಾಡುತ್ತಿದ್ದರು? ರಾಜಧಾನಿಯ ಸೆನೆಟ್ ಸಭೆಯಲ್ಲಿ, ಸಾಲ ಮಾಡಿಯಾದರೂ ಇನ್ನಷ್ಟು ಸೈನಿಕರನ್ನು ಕೊಳ್ಳಬೇಕೇ ಬೇಡವೇ ಎಂಬ ಚರ್ಚೆ ನಡೆದಿತ್ತು. ಜೆಡೈಗಳು ಸೈನಿಕರೊಡನೆ ಮೃದುವಾಗಿ ಮಾತನಾಡುತ್ತಿದ್ದರು, ಅವರ ಹೆಸರುಗಳನ್ನೂ ಬಲ್ಲರು. ಆದರೂ ಅವರನ್ನು ಮುಂದಿಟ್ಟುಕೊಂಡೇ ಯುದ್ಧ ನಡೆಸಿದರು. ಸೇನೆಯನ್ನು ತೊರೆದು, ಹೊಲ ಉತ್ತು, ಹೆಂಡತಿ ಮಕ್ಕಳೊಡನೆ ಬಾಳುತ್ತಿದ್ದ ಕಟ್ ಎಂಬ ತದ್ರೂಪಿಯು ಕಾನೂನಿನ ಕಣ್ಣಿಗೆ ಪಲಾಯನ ಮಾಡಿದ ಅಪರಾಧಿ. ಅವನ ಮನೆಯಲ್ಲಿ ಉಂಡ ರೆಕ್ಸ್ ಮಾತ್ರ ಅವನನ್ನು ಹಿಡಿದು ಕೊಡಲಿಲ್ಲ.

ಕೇಳದೆ ಹೋದ ಎಚ್ಚರಿಕೆ

ಈ ತಾತ್ಸಾರಕ್ಕೆ ತೆತ್ತ ಬೆಲೆ ಅಷ್ಟಿಷ್ಟಲ್ಲ. 2005ರ ‘ರಿವೆಂಜ್ ಆಫ್ ದಿ ಸಿತ್’ ಚಿತ್ರದಲ್ಲಿ ಒಂದೇ ಒಂದು ಆಜ್ಞೆ ಕಿವಿಗೆ ಬಿದ್ದೊಡನೆ ತದ್ರೂಪಿಗಳು ತಮ್ಮ ಜೆಡೈ ಸೇನಾನಿಗಳತ್ತಲೇ ಬಂದೂಕು ತಿರುಗಿಸುತ್ತಾರೆ. ಅದರ ಗುಟ್ಟು ಹೊರಬಿದ್ದುದು 2014ರ ಕಂತುಗಳಲ್ಲಿ. ಹುಟ್ಟುವ ಮೊದಲೇ ಪ್ರತಿಯೊಬ್ಬನ ಮಿದುಳಿನಲ್ಲಿ ಒಂದು ಸೂಕ್ಷ್ಮ ತುಣುಕನ್ನು ನೆಡಲಾಗಿತ್ತು. ಆಜ್ಞೆ ಬಂದಾಗ ಅವರ ಇಚ್ಛೆಗೆ ಎಡೆಯೇ ಇರಲಿಲ್ಲ. ಈ ಸಂಚನ್ನು ಮೊದಲು ಕಂಡುಹಿಡಿದವನು ಫೈವ್ಸ್. ತಯಾರಕರಿಗೆ ಅವನು ಕೆಟ್ಟುಹೋದ ಸರಕು. ಸತ್ಯವನ್ನು ಹೇಳಲು ಓಡಿಬಂದ ಅವನನ್ನು ಹುಚ್ಚನೆಂದು ಬಗೆದು ಗುಂಡಿಕ್ಕಿದರು. ರೋಗಾಣುವಿನಿಂದ ಬುದ್ಧಿ ಕೆಟ್ಟಿತ್ತೆಂಬ ತಯಾರಕರ ವರದಿಗೆ ಮನ್ನಣೆ ದೊರೆಯಿತು. ಆ ಒಬ್ಬ ಸೈನಿಕನ ಮಾತಿಗೆ ಬೆಲೆ ಕೊಟ್ಟಿದ್ದರೆ ಜೆಡೈಗಳ ಕುಲವೇ ಉಳಿಯುತ್ತಿತ್ತೇನೋ!

ಯುದ್ಧ ಮುಗಿದ ಮೇಲಿನ ಕಥೆ ‘ದಿ ಬ್ಯಾಡ್ ಬ್ಯಾಚ್’ (2021–2024) ಮಾಲೆಯಲ್ಲಿದೆ. ಹೊಸ ಸಾಮ್ರಾಜ್ಯಕ್ಕೆ ಈ ಸೈನಿಕರು ಬೇಡವಾಗುತ್ತಾರೆ. ಸಾಮಾನ್ಯ ಜನರಿಂದಲೇ ಹೊಸ ಪಡೆ ಸಿದ್ಧವಾಗುತ್ತದೆ. ನಮಗಾಗಿ ಸತ್ತವರ, ಉಳಿದವರ ಗತಿಯೇನೆಂದು ಕೇಳಲು ಸೆನೆಟ್ಟಿನಲ್ಲಿ ರಿಯೋ ಚೂಚಿ ಎಂಬಾಕೆ ಹೆಣಗಬೇಕಾಗುತ್ತದೆ.

ಕಮಿನೋ ಗ್ರಹದಲ್ಲಿ ಇನ್ನೊಬ್ಬನಿದ್ದನು. ಅಚ್ಚಿನಲ್ಲಿ ಸರಿಯಾಗಿ ಮೂಡದೆ ಬೆನ್ನು ಬಾಗಿದ, ಅಕಾಲ ಮುಪ್ಪಿನ ತದ್ರೂಪಿ. ಯುದ್ಧಕ್ಕೆ ಒದಗದವನೆಂದು ಅವನಿಗೆ ಕಸ ಬಳಿಯುವ ಕೆಲಸ. ಹೆಸರಿಲ್ಲ, 99 ಎಂಬ ಅಂಕಿ ಮಾತ್ರ. ಶತ್ರುಗಳು ಗ್ರಹಕ್ಕೆ ಮುತ್ತಿಗೆ ಹಾಕಿದಾಗ, ಸೋದರರಿಗೆ ಮದ್ದುಗುಂಡು ಒದಗಿಸಲು ಓಡುತ್ತಲೇ ಅವನು ಪ್ರಾಣ ಬಿಟ್ಟನು. ಮುಂದೆ, ಅವನಂತೆಯೇ ಅಚ್ಚು ತಪ್ಪಿ ಹುಟ್ಟಿದ ಕೆಲವರು ಸೇರಿ ತುಕಡಿಯೊಂದನ್ನು ಕಟ್ಟಿದಾಗ ಅದಕ್ಕೆ ಇಟ್ಟ ಹೆಸರು 99. ತಯಾರಕರು ಕೊಟ್ಟಿದ್ದ ಅಂಕಿಯನ್ನೇ ಸೋದರರು ಹೆಸರಾಗಿಸಿದರು.