ಸಮಾಧಿಯ ಬಳಿ ಮರುಕಳಿಸುವ ನೆನಪುಗಳು



ನವೆಂಬರ್ 2ರಂದು, ಮೃತರ ಸ್ಮರಣೆಯ ದಿನ, ನಾವು ಸಮಾಧಿಗಳಿಗೆ ಹೂವಿಟ್ಟು ಮೇಣದ ಬತ್ತಿ ಹಚ್ಚುತ್ತೇವೆ. ಗುರುಗಳು ಪವಿತ್ರ ಜಲ ಚಿಮುಕಿಸುತ್ತಾ ಮುಂದೆ ಸಾಗುತ್ತಾರೆ. ನಮ್ಮ ಮನಸ್ಸು ಮಾತ್ರ ಅಲ್ಲಿಯೇ ನಿಂತುಬಿಡುತ್ತದೆ. 'ಅಪ್ಪನನ್ನು ಒಂದು ದಿನ ಮೊದಲೇ ಮಂಗಳೂರಿಗೆ ಕರೆದೊಯ್ಯಬಾರದಿತ್ತೇ?' 'ರಜೆ ಸಿಗದೆ ಅಮ್ಮನ ಮುಖವನ್ನೂ ನೋಡಲಾಗಲಿಲ್ಲವಲ್ಲ!' ಮಕ್ಕಳನ್ನು ಗಲ್ಫಿಗೆ ಕಳುಹಿಸಿದ ಮನೆಗಳಿಗೆ ಈ ಎರಡನೆಯ ಮಾತು ಹೊಸದಲ್ಲ.

'ಮರೆತುಬಿಡು' ಎನ್ನುವುದು ಸುಲಭ. ಆದರೆ ಅದುಮಿಟ್ಟ ಯೋಚನೆ ಆಮೇಲೆ ಇನ್ನಷ್ಟು ತಲೆಯೆತ್ತುತ್ತದೆಂದು ಡೇನಿಯಲ್ ವೆಗ್ನರ್ 1987ರಲ್ಲೇ ಪ್ರಯೋಗದಿಂದ ತೋರಿಸಿದರು. ಜೋಸೆಫನು ಈಜಿಪ್ಟಿನಲ್ಲಿ ತನ್ನ ಚೊಚ್ಚಲ ಮಗನಿಗೆ ಮನಸ್ಸೆ ಎಂದು ಹೆಸರಿಟ್ಟನು. ಮರೆಯುವಂತೆ ಮಾಡುವವನು ಎಂದು ಅದರ ಅರ್ಥ. ಆದರೂ ಅಣ್ಣಂದಿರು ಎದುರಿಗೆ ಬಂದಾಗ ಮರೆಗೆ ಹೋಗಿ ಅತ್ತನು.

ಎಮ್ಮಾವುಸಿನ ದಾರಿಯಲ್ಲಿ ಪ್ರಭು ಬೇರೆ ಉಪಾಯ ತೋರಿದರು. ಅದು ಸುಮಾರು ಹನ್ನೊಂದು ಕಿಲೋಮೀಟರ್, ಕಲ್ಲಡ್ಕದಿಂದ ಬಿ.ಸಿ. ರೋಡಿಗೆ ನಡೆದು ಹಿಂದಿರುಗಿದಷ್ಟು. ನಡೆದದ್ದೆಲ್ಲ ಅವರಿಗೆ ತಿಳಿದಿತ್ತು. ಆದರೂ ಏನಾಯಿತೆಂದು ಕೇಳಿ, ಮ್ಲಾನವದನರಾಗಿದ್ದ ಆ ಶಿಷ್ಯರಿಬ್ಬರಿಗೂ ಪೂರ್ತಿ ಹೇಳಲು ಬಿಟ್ಟರು. ಆಮೇಲೆಯೇ ಅದೇ ಘಟನೆಯ ಅರ್ಥವನ್ನು ಬಿಡಿಸಿದರು. ಮನೆಯಲ್ಲಿ ನಾವು ಮಾಡುವುದು ಇದರ ತಿರುವುಮುರುವು: ಮೊದಲು ಉಪದೇಶ, ಕೇಳುವುದು ಕೊನೆಗೆ!

ಹೇಳಿಕೊಳ್ಳಲು ಯಾರೂ ಇಲ್ಲದಿದ್ದರೆ ಬರೆಯಬಹುದು. ಜೇಮ್ಸ್ ಪೆನ್ನೆಬೇಕರ್ ಅವರ 1986ರ ಅಧ್ಯಯನದಲ್ಲಿ ವಿದ್ಯಾರ್ಥಿಗಳು ದಿನಕ್ಕೆ 15 ನಿಮಿಷದಂತೆ ನಾಲ್ಕು ದಿನ ಮನಸ್ಸಿನ ಗಾಯಗಳ ಬಗ್ಗೆ ಬರೆದರು. ಬರೆದ ಕೂಡಲೇ ಮನಸ್ಸು ಇನ್ನೂ ಭಾರವಾಯಿತು. ಉಪಯೋಗ ಕಂಡದ್ದು ಮುಂದಿನ ತಿಂಗಳುಗಳಲ್ಲಿ. ಆದ್ದರಿಂದ ಮೊದಲ ದಿನವೇ ಹಾಳೆ ಹರಿದು ಹಾಕಬೇಡಿ.

ಇನ್ನೊಂದು ದಾರಿಯನ್ನು ಈಥನ್ ಕ್ರಾಸ್ ಮತ್ತು ಓಜ್ಲೆಮ್ ಐಡುಕ್ 2005ರಿಂದ ಪರೀಕ್ಷಿಸಿದ್ದಾರೆ: ಆ ಗಳಿಗೆಯನ್ನು ಒಳಗಿನಿಂದ ಮತ್ತೆ ಅನುಭವಿಸದೆ, ಅಂಗಳದಲ್ಲಿ ನಿಂತ ನೆರೆಯವರಂತೆ ದೂರದಿಂದ ನೋಡುವುದು. ಆ ರಾತ್ರಿ ಆ ಮಗನಿಗೆ ತಿಳಿದಿದ್ದದ್ದು ಏನು? ಬರೀ ಜ್ವರವೆಂದು ಮನೆಮಂದಿಯೆಲ್ಲ ಭಾವಿಸಿದ್ದರು. ನಮ್ಮ ಕಲ್ಲಡ್ಕದ ಕೆ.ಟಿ. ಲೋಟದಲ್ಲಿ ಹಾಲೂ ಡಿಕಾಕ್ಷನ್ನೂ ಬೇರೆ ಬೇರೆಯಾಗಿ ಕಾಣುವುದಿಲ್ಲವೇ? ಹಾಗೆಯೇ ನಡೆದದ್ದನ್ನೂ ನಾವು ಹೊರಿಸಿಕೊಂಡ ದೂಷಣೆಯನ್ನೂ ಬೇರೆಯಾಗಿ ಕಾಣಬೇಕು.

ನಿಜವಾಗಿ ತಪ್ಪು ನಡೆದಿದ್ದರೆ, ಉದಾಹರಣೆಗೆ ಜಾಗದ ಪಾಲಿನ ಜಗಳದಲ್ಲಿ ಅಪ್ಪನೊಡನೆ ಮಾತು ಬಿಟ್ಟಿದ್ದರೆ, ಅದಕ್ಕೆ ಪಾಪನಿವೇದನೆಯ ಸಂಸ್ಕಾರವಿದೆ. ಆದರೆ ವಿಮಾನದ ಟಿಕೇಟು ಸಿಗದಿದ್ದದ್ದು ಪಾಪವಲ್ಲ. ಅದನ್ನು ಮತ್ತೆ ಮತ್ತೆ ನಿವೇದಿಸುವ ಅಗತ್ಯವೂ ಇಲ್ಲ.

ವಾರಗಟ್ಟಲೆ ನಿದ್ದೆ, ಊಟ ಬಿಟ್ಟವರನ್ನು, ಬದುಕೇ ಬೇಡವೆನ್ನುವವರನ್ನು ಒಂಟಿಯಾಗಿ ಬಿಡದೆ ವೈದ್ಯರ ಬಳಿಗೆ ಕರೆದೊಯ್ಯೋಣ. 2022ರಲ್ಲಿ ಆರಂಭವಾದ ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತನಾಡುತ್ತಾರೆ.