ಸೊಸಾಯಿಟಿಯಲ್ಲಿ ಸಂಸಾರ

ಊರಿನಿಂದ ಬಂದ ನೆಂಟರು ಮುಂಬಯಿಯ ನಮ್ಮ ಕಟ್ಟಡಗಳ ಬಾಗಿಲಲ್ಲಿ ತೂಗುಹಾಕಿದ ಫಲಕವನ್ನು ಓದಿ ನಗುವುದುಂಟು. ಕಿಟಕಿಯಿಂದ ನೀರು ಚೆಲ್ಲಬಾರದು. ಮಧ್ಯಾಹ್ನದ ಹೊತ್ತು ಗೋಡೆಗೆ ಮೊಳೆ ಹೊಡೆಯಬಾರದು. ಮೆಟ್ಟಿಲ ಬಳಿ ಚಪ್ಪಲಿಯ ಗೂಡು ಇಡಬಾರದು. ಪಾರಿವಾಳಗಳಿಗೆ ಕಾಳು ಹಾಕಬಾರದು. ಸ್ವಂತ ಮನೆ ಎನ್ನುತ್ತೀರಿ, ಮೊಳೆ ಹೊಡೆಯಲೂ ಮುಹೂರ್ತ ನೋಡಬೇಕೇ ಎಂದು ಅವರು ಕೇಳಿದರೆ ಉತ್ತರ ಹೇಳುವುದು ತುಸು ಕಷ್ಟವೇ. ಏಕೆಂದರೆ ‘ಸ್ವಂತ ಮನೆ’ ಎಂಬ ಮಾತು ಇಲ್ಲಿ ಪೂರ್ತಿ ನಿಜವಲ್ಲ. ಸಹಕಾರಿ ಪದ್ಧತಿಯಲ್ಲಿ ನೆಲ ಮತ್ತು ಕಟ್ಟಡ ಸಂಘದ ಸೊತ್ತು. ನಮ್ಮ ಕೈಯಲ್ಲಿರುವುದು ಕೆಲವು ಶೇರುಗಳು ಮತ್ತು ಅವುಗಳೊಡನೆ ಬಂದ ವಾಸದ ಹಕ್ಕು. ಈ ಸಂಗತಿಯನ್ನು ಮರೆತಲ್ಲಿಯೇ ಸೊಸಾಯಿಟಿಯ ಜಗಳಗಳೆಲ್ಲ ಹುಟ್ಟುತ್ತವೆ.

ಈ ಏರ್ಪಾಡನ್ನು ಮುಂಬಯಿಗೆ ತಂದವರು ಯಾರೆಂದು ವಿಚಾರಿಸಿದರೆ ನಮ್ಮ ಕಡೆಯವರ ಹೆಸರೇ ಮುಂದೆ ಬರುತ್ತದೆ. ೧೯೦೪ರ ಸಹಕಾರಿ ಕಾಯಿದೆ ಸಾಲ ಕೊಡುವ ಸಂಘಗಳಿಗೆ ಮಾತ್ರ ಅವಕಾಶ ಕೊಟ್ಟಿತ್ತು. ಅದರ ಮೇರೆಗೆ ೧೯೦೫ರಲ್ಲಿ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಮೊದಲ ಸಂಘ ಕಟ್ಟಿದರು. ಮರುವರ್ಷ ಮುಂಬಯಿಯಲ್ಲಿ ಶ್ರೀಪಾದ ಸುಬ್ರಾವ ತಲ್ಮಕಿಯವರು ತಮ್ಮ ಹಿರಿಯರಾದ ಶಾಮರಾವ ವಿಠಲ ಕಾಯ್ಕಿಣಿಯವರ ಹೆಸರಿನಲ್ಲಿ ಸಹಕಾರಿ ಬ್ಯಾಂಕನ್ನು ಆರಂಭಿಸಿದರು. ೧೯೧೨ರಲ್ಲಿ ಹೊಸ ಕಾಯಿದೆ ಬಂದು ಸಾಲದ ಹೊರತಾದ ಕೆಲಸಗಳಿಗೂ ಸಂಘ ಕಟ್ಟಬಹುದೆಂದಾಯಿತು. ತಲ್ಮಕಿಯವರು ತಡಮಾಡಲಿಲ್ಲ. ೧೯೧೫ರಲ್ಲಿ ಗಾಮದೇವಿಯಲ್ಲಿ ಸಾರಸ್ವತ ಸಹಕಾರಿ ಗೃಹನಿರ್ಮಾಣ ಸಂಘ ಹುಟ್ಟಿತು. ಏಷ್ಯಾದಲ್ಲಿಯೇ ಇಂಥ ಮೊದಲ ಸಂಘವೆಂದು ಅದು ಹೆಸರಾಗಿದೆ. ಕುಮಟೆ, ಹೊನ್ನಾವರ, ಮಂಗಳೂರುಗಳಿಂದ ಬಂದು ಕಚೇರಿಗಳಲ್ಲಿ ದುಡಿಯುತ್ತಿದ್ದ ಜನ. ಮನೆಮಾತು ಕೊಂಕಣಿ, ಓದುಬರಹ ಕನ್ನಡ. ಒಬ್ಬೊಬ್ಬರಾಗಿ ಮನೆ ಕಟ್ಟುವ ಶಕ್ತಿ ಯಾರಿಗೂ ಇರಲಿಲ್ಲ, ಕೂಡಿ ಕಟ್ಟಿದರು. ತಾರದೇವದ ತಲ್ಮಕಿವಾಡಿ ಇಂದಿಗೂ ಅವರ ಹೆಸರನ್ನು ಹೊತ್ತು ನಿಂತಿದೆ.

ಉಳಿದ ಮುಂಬಯಿ ಆಗ ಬಾಡಿಗೆಯ ಚಾಳುಗಳಲ್ಲಿತ್ತು. ೧೯೪೭ರ ಬಾಡಿಗೆ ಕಾಯಿದೆ ಬಾಡಿಗೆಯನ್ನು ಹಳೆಯ ಮಟ್ಟಕ್ಕೆ ಕಟ್ಟಿಹಾಕಿತು. ಬಾಡಿಗೆದಾರ ಉಳಿದುಕೊಂಡ, ನಿಜ. ಆದರೆ ಮಾಲಿಕ ಸುಣ್ಣ ಬಳಿಸುವುದನ್ನು ನಿಲ್ಲಿಸಿದ, ಹೊಸ ಮನೆ ಕಟ್ಟಿ ಬಾಡಿಗೆಗೆ ಕೊಡುವವರು ಕಡಿಮೆಯಾದರು, ಪಗಡಿಯ ವ್ಯವಹಾರ ಬಲಿಯಿತು. ಆಮೇಲೆ ಬಿಲ್ಡರು ಬಂದ. ೧೯೬೦ರ ಮಹಾರಾಷ್ಟ್ರ ಸಹಕಾರಿ ಸಂಘಗಳ ಕಾಯಿದೆ, ೧೯೬೩ರ ಫ್ಲ್ಯಾಟು ಕಾಯಿದೆ, ಇವೆರಡರ ನೆರಳಿನಲ್ಲಿ ಉಪನಗರಗಳೆಲ್ಲ ಸೊಸಾಯಿಟಿಗಳಾದವು. ಗಾಮದೇವಿಯವರು ಒಬ್ಬರನ್ನೊಬ್ಬರು ಬಲ್ಲವರು. ನಾವಾದರೋ ಬಿಲ್ಡರಿಗೆ ಹಣ ಕೊಟ್ಟ ಮೇಲೆ ನೆರೆಯವರ ಮುಖ ನೋಡಿದವರು. ಗುರುತಿಲ್ಲದವರು ಒಂದೇ ನೀರಿನ ಟಾಕಿಯನ್ನು ಹಂಚಿಕೊಳ್ಳಬೇಕಾದರೆ ಬರೆದಿಟ್ಟ ನಿಯಮ ಬೇಡವೇ?

ನಿಯಮದಿಂದ ಆಗುವ ಲಾಭವನ್ನು ಚಿಕ್ಕ ಮನೆಯವರು ಚೆನ್ನಾಗಿ ಬಲ್ಲರು. ಒಂದು ಕೋಣೆಯವನಿಗೂ ನಾಲ್ಕು ಕೋಣೆಯವನಿಗೂ ಮತ ಒಂದೇ. ಕಾವಲುಗಾರನ ಸಂಬಳ, ಮೆಟ್ಟಿಲ ದೀಪ ಮುಂತಾದ ಖರ್ಚು ಎಲ್ಲ ಮನೆಗಳಿಗೂ ಸಮಪಾಲು. ನೀರಿನ ಹಣ ಮಾತ್ರ ನಲ್ಲಿಗಳ ಲೆಕ್ಕದಲ್ಲಿ. ದೊಡ್ಡ ಮನೆಯವನೂ ಅಷ್ಟೇ ಕೊಡುತ್ತಾನೆಂದು ಚಿಕ್ಕ ಮನೆಯವನು ಗೊಣಗುವುದುಂಟು. ಆದರೆ ಕಾವಲುಗಾರ ಅವನನ್ನೂ ಅಷ್ಟೇ ಕಾಯುತ್ತಾನಲ್ಲವೇ? ಸಂಘವಾಗಿ ನಿಂತಾಗ ಬಿಲ್ಡರನ್ನೂ ಎದುರಿಸಬಹುದು. ಕಟ್ಟಡದ ಕೆಳಗಿನ ಗಾಡಿ ನಿಲ್ಲಿಸುವ ಜಾಗವನ್ನು ಬಿಲ್ಡರು ಬೇರೆಯಾಗಿ ಮಾರುವಂತಿಲ್ಲವೆಂದು ೨೦೧೦ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತದ್ದು ದಹಿಸರದ ಪಾಂಚಾಲಿ ಎಂಬ ಸೊಸಾಯಿಟಿಯ ಪ್ರಕರಣದಲ್ಲಿಯೇ. ಒಬ್ಬ ಗೃಹಸ್ಥ ತಾನೊಬ್ಬನೇ ದೆಹಲಿಯವರೆಗೆ ಆ ವ್ಯಾಜ್ಯವನ್ನು ಎಳೆದುಕೊಂಡು ಹೋಗಬಲ್ಲನೇ?

ಇನ್ನು ಉಪದ್ರವದ ಮಾತು. ನೀರು, ಕಸ, ಸದ್ದುಗಳ ನಿಯಮವನ್ನು ಯಾರೂ ಆಕ್ಷೇಪಿಸಲಾರರು. ಆದರೆ ಕೆಲವು ಸಮಿತಿಗಳಿಗೆ ಮೆಟ್ಟಿಲಿನಿಂದ ಅಡಿಗೆಮನೆಯವರೆಗೆ ಬರುವ ಚಪಲ. ಮೀನಿನ ವಾಸನೆ ಬಂದರೆ ಒಂದು ಚೀಟಿ, ಮಗಳ ಗೆಳೆಯರು ಬಂದರೆ ಕಾವಲುಗಾರನ ಪ್ರಶ್ನೆ. ಮದುವೆಯಾಗದ ಹುಡುಗರಿಗೆ ಮನೆ ಬಾಡಿಗೆಗಿಲ್ಲವೆಂಬ ಮಾತಂತೂ ತೀರ ಸಾಮಾನ್ಯವಾಗಿದೆ. ನಮ್ಮ ಪೂರ್ವಿಕರು ಎಷ್ಟೋ ಜನ ಈ ನಗರಕ್ಕೆ ಬಂದದ್ದು ಒಂಟಿ ಹುಡುಗರಾಗಿ. ಹಗಲು ಹೋಟೆಲಿನಲ್ಲಿ ದುಡಿದು, ಇರುಳು ಶಾಲೆಯಲ್ಲಿ ಕಲಿತು ಸಂಸಾರ ಹೂಡಿದರು. ಅವರ ಮೊಮ್ಮಕ್ಕಳು ಸಮಿತಿಯಲ್ಲಿ ಕುಳಿತು, ಹುಬ್ಬಳ್ಳಿಯಿಂದಲೋ ಉಡುಪಿಯಿಂದಲೋ ನೌಕರಿಗೆ ಬಂದ ಹುಡುಗನಿಗೆ ಬಾಗಿಲು ಹಾಕುವುದನ್ನು ಕಂಡರೆ ನನಗೆ ಸಹಿಸದು. ಸರಕಾರದ ಮಾದರಿ ಉಪನಿಯಮಗಳಲ್ಲಿ ಅಂಥ ನಿಷೇಧವೇ ಇಲ್ಲ. ಬಾಡಿಗೆಗೆ ಕೊಡುವಾಗ ಸಂಘಕ್ಕೆ ತಿಳಿಸಿ ಕರಾರಿನ ಪ್ರತಿಯನ್ನು ಕೊಡಬೇಕು, ಅಷ್ಟೇ. ತಾನೇ ವಾಸಿಸದೆ ಬಾಡಿಗೆಗೆ ಕೊಟ್ಟವನಿಂದ ಹೆಚ್ಚಿಗೆ ವಸೂಲು ಮಾಡುವುದಾದರೆ ಅದೂ ಸೇವಾ ಶುಲ್ಕದ ನೂರಕ್ಕೆ ಹತ್ತನ್ನು ಮೀರಕೂಡದೆಂದು ೨೦೦೧ರಲ್ಲಿಯೇ ಸರಕಾರದ ಆಜ್ಞೆಯಾಗಿದೆ.

ಇದರೊಳಗೆ ಒಂದು ತೊಡಕಿದೆ, ಮುಚ್ಚಿಡಬಾರದು. ಸಂಘವೆಂದರೆ ಒಂದು ಗುಂಪಿನವರು ಕೂಡಿಕೊಳ್ಳುವುದು. ಕೂಡಿಕೊಂಡವರು ಇತರರನ್ನು ಹೊರಗಿಡಬಹುದೇ? ಅಹಮದಾಬಾದಿನ ಪಾರಸಿ ಸೊಸಾಯಿಟಿಯೊಂದರ ಪ್ರಕರಣದಲ್ಲಿ ೨೦೦೫ರಲ್ಲಿ ಸರ್ವೋಚ್ಚ ನ್ಯಾಯಾಲಯ ಅಂಥ ಉಪನಿಯಮವನ್ನು ಎತ್ತಿಹಿಡಿಯಿತು. ಗಾಮದೇವಿಯ ಸಂಘವೂ ಒಂದು ಸಮಾಜದವರಿಂದಲೇ ಹುಟ್ಟಿದ್ದು. ಪರಸ್ಪರ ನಂಬಿಕೆಯಿಂದ ಕಟ್ಟಿದ ಆ ಮನೆಗಳನ್ನು ನಾನು ಹಳಿಯಲಾರೆ. ಆದರೆ ಬಿಲ್ಡರು ಯಾರಿಗೆ ಬೇಕಾದರೂ ಮಾರಿದ ಕಟ್ಟಡದಲ್ಲಿ ಆಮೇಲೆ ಜಾತಿ, ಊಟಗಳ ಬೇಲಿ ಹಾಕುವುದು ಬೇರೆಯೇ ಮಾತು.

ಅಮೆರಿಕದಲ್ಲಿ ನೆಲೆಸಿದ ನಮ್ಮ ಮಕ್ಕಳು, ಅಲ್ಲಿ ಹುಲ್ಲು ಉದ್ದವಾಗಿ ಬೆಳೆದರೂ ಮನೆಮಾಲಿಕರ ಸಂಘ ದಂಡ ಹಾಕುತ್ತದೆಂದು ಹೇಳಿ ನಮ್ಮನ್ನು ಸಮಾಧಾನಪಡಿಸುತ್ತಾರೆ. ಇದ್ದೀತು. ಇಲ್ಲಿಯ ಕಷ್ಟ ನಿಯಮದ್ದಕ್ಕಿಂತ ಹಾಜರಿಯದು. ಮಾರ್ಚಿ ಕೊನೆಗೆ ವರ್ಷ ಮುಗಿದ ಬಳಿಕ ಸಪ್ಟಂಬರ ೩೦ರೊಳಗೆ ವಾರ್ಷಿಕ ಸಭೆ ಕರೆಯಬೇಕೆಂದು ಕಾಯಿದೆ ಹೇಳುತ್ತದೆ. ಸಭೆ ಕೂಡುತ್ತದೆ, ಜನ ಬರುವುದಿಲ್ಲ. ಕೋರಂ ಇಲ್ಲವೆಂದು ಅರ್ಧ ಗಂಟೆ ಕಾದು, ಬಂದಷ್ಟೇ ಮಂದಿ ಲೆಕ್ಕಕ್ಕೆ ಒಪ್ಪಿಗೆ ಕೊಟ್ಟು ಚಹಾ ಕುಡಿದು ಏಳುತ್ತಾರೆ. ನಮ್ಮವರಲ್ಲಿ ಇನ್ನೊಂದು ಸಂಕೋಚ: ಮಾತು ಮರಾಠಿಯಲ್ಲಿ ನಡೆಯುತ್ತದೆ, ನಮ್ಮ ಮರಾಠಿಗೆ ನಕ್ಕಾರೆಂದು. ತರಕಾರಿಯವನೊಡನೆ ಎರಡು ರೂಪಾಯಿಗೆ ಚೌಕಾಶಿ ಮಾಡಲು ಸಾಕಾಗುವ ಮರಾಠಿ, ಲಕ್ಷಗಟ್ಟಲೆ ಖರ್ಚಿನ ಲೆಕ್ಕ ಕೇಳಲು ಸಾಲದೇ? ಮನೆಯ ಹೆಂಗಸರು ಸದಸ್ಯರಾಗಿದ್ದರೆ ಅವರೇ ಹೋಗಲಿ. ನೀರು ಎಷ್ಟು ಹೊತ್ತಿಗೆ ನಿಲ್ಲುತ್ತದೆಂದು ಅವರಿಗೆ ಗೊತ್ತಿರುವಷ್ಟು ಕಾರ್ಯದರ್ಶಿಗೂ ಗೊತ್ತಿರುವುದಿಲ್ಲ.

ಹಳೆಯ ಕಟ್ಟಡ ಕೆಡವಿ ಹೊಸದು ಕಟ್ಟುವ ಪ್ರಸಂಗ ಬಂದಾಗ ಈ ಉದಾಸೀನತೆಯ ಬೆಲೆ ತಿಳಿಯುತ್ತದೆ. ೨೦೧೯ರ ಸರಕಾರಿ ಮಾರ್ಗಸೂಚಿಯಂತೆ ಸದಸ್ಯರಲ್ಲಿ ನೂರಕ್ಕೆ ೫೧ರಷ್ಟು ಮಂದಿ ಒಪ್ಪಿದರೆ ಪುನರ್ನಿರ್ಮಾಣ ಮುಂದೆ ಸಾಗುತ್ತದೆ. ಉಳಿದವರೂ ಅದರೊಡನೆ ಹೊರಡಬೇಕು. ಎಷ್ಟು ಚದರಡಿ ಹೆಚ್ಚಿಗೆ ಸಿಗುವುದು, ಕಟ್ಟುವ ತನಕ ಬೇರೆಡೆಯ ಬಾಡಿಗೆ ಯಾರು ಕೊಡುವರು, ಬಿಲ್ಡರು ಅರ್ಧಕ್ಕೆ ಕೈಬಿಟ್ಟರೆ ಬ್ಯಾಂಕಿನ ಖಾತರಿ ಇದೆಯೇ, ಎಲ್ಲವನ್ನೂ ಕೇಳುವುದು ಆ ಸಭೆಯಲ್ಲಿಯೇ.

ಕೊನೆಗೊಂದು ಕಾಗದದ ಮಾತು. ನಾಮನಿರ್ದೇಶನದ ಅರ್ಜಿಯನ್ನು ತುಂಬಿದೊಡನೆ ಮನೆ ಆ ಹೆಸರಿನವರದಾಯಿತೆಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ೨೦೧೯ರ ತಿದ್ದುಪಡಿಯಂತೆ ನಾಮನಿರ್ದೇಶಿತರು, ವಾರಸುದಾರರು ಸದಸ್ಯರಾಗುವವರೆಗೆ ಮಾತ್ರ ತಾತ್ಕಾಲಿಕ ಸದಸ್ಯರು. ಮನೆ ಹೆಂಡತಿಗೇ ಉಳಿಯಬೇಕೆಂದಿದ್ದರೆ ಮೃತ್ಯುಪತ್ರವನ್ನೂ ಬರೆದಿಡಬೇಕು. ಅರ್ಜಿ ಮೂರು ಪ್ರತಿಗಳಲ್ಲಿರುತ್ತದೆ. ಅದರಲ್ಲೊಂದು ಸೊಸಾಯಿಟಿಯ ಸ್ವೀಕೃತಿಯೊಡನೆ ನಮಗೆ ಮರಳಿ ಬರಬೇಕು. ಶೇರು ಪತ್ರದ ಜತೆಗೆ ಅದನ್ನು ಕಪಾಟಿನಲ್ಲಿ ಇಡುವಾಗ, ಅದು ಎಲ್ಲಿದೆಯೆಂದು ಹೆಂಡತಿಗೂ ತೋರಿಸಿಡಿ.