ಅಂಧರ ಕೈಗೆ ಪಿಸ್ತೂಲು: ಅಯೋವಾ ಯಾರನ್ನೂ ಕೇಳದ ಪ್ರಶ್ನೆ

ಅಮೆರಿಕದ ಅಯೋವಾ ರಾಜ್ಯದಲ್ಲಿ ಕಣ್ಣು ಕಾಣದವರೂ ಸೊಂಟಕ್ಕೆ ಪಿಸ್ತೂಲು ಸಿಕ್ಕಿಸಿಕೊಂಡು ಬೀದಿಯಲ್ಲಿ ಓಡಾಡಲು ಪರವಾನಗಿ ಪಡೆಯುತ್ತಿದ್ದಾರೆ ಎಂದು 2013ರ ಸೆಪ್ಟೆಂಬರ್‌ನಲ್ಲಿ ‘ಡೆ ಮೊಯ್ನ್ ರಿಜಿಸ್ಟರ್’ ಪತ್ರಿಕೆ ವರದಿ ಮಾಡಿತು. ರಾಜಧಾನಿ ಡೆ ಮೊಯ್ನ್ ಇರುವ ಪೋಲ್ಕ್ ಕೌಂಟಿಯಲ್ಲೇ ಅಂಥ ಮೂವರಿಗಾದರೂ ಪರವಾನಗಿ ಸಿಕ್ಕಿತ್ತು. ಅವರಿಗೆ ಕಾರು ಓಡಿಸಲು ಕಾನೂನಿನ ಅನುಮತಿ ಇರಲಿಲ್ಲ. ಅರ್ಜಿ ನಮೂನೆ ಓದುವುದೇ ಅವರಿಗೆ ಕಷ್ಟವಾಗಿತ್ತು. ಸುದ್ದಿ ಜಗತ್ತೆಲ್ಲ ಸುತ್ತಾಡಿತು. ಬಹಳ ಮಂದಿ ಅದನ್ನು ಓದಿ ನಕ್ಕರು.

ನಕ್ಕವರು ಆ ಕಾನೂನನ್ನು ಸರಿಯಾಗಿ ಓದಿರಲಿಲ್ಲ. ಅಯೋವಾದಲ್ಲಿ ಹಿಂದೆ ಪರವಾನಗಿ ಕೊಡುವುದೂ ಬಿಡುವುದೂ ಕೌಂಟಿಯ ಶೆರಿಫ್‌ನ ವಿವೇಚನೆಗೆ ಬಿಟ್ಟದ್ದಾಗಿತ್ತು. 2011ರ ಜನವರಿ 1ರಿಂದ ಜಾರಿಗೆ ಬಂದ ಹೊಸ ಕಾನೂನು ಆ ವಿವೇಚನೆಯನ್ನು ಕಿತ್ತುಕೊಂಡಿತು. ಕಾನೂನಿನಲ್ಲಿ ಹೆಸರಿಸಿದ ಕಾರಣ ಇಲ್ಲದಿದ್ದರೆ ಅರ್ಜಿದಾರನಿಗೆ ಪರವಾನಗಿ ಕೊಡಲೇಬೇಕು. ದೃಷ್ಟಿಯಿಲ್ಲದಿರುವುದು ಆ ಕಾರಣಗಳಲ್ಲಿ ಸೇರಿರಲಿಲ್ಲ. ಬೇಕಾದ ತರಬೇತಿಯನ್ನೂ ಮನೆಯಲ್ಲಿ ಕಂಪ್ಯೂಟರ್ ಮುಂದೆ ಕುಳಿತು ಮುಗಿಸಬಹುದಿತ್ತು, ಒಂದು ಗುಂಡನ್ನೂ ಹಾರಿಸಿ ತೋರಿಸಬೇಕಾಗಿರಲಿಲ್ಲ. ಹುಟ್ಟಿದಾರಭ್ಯ ಪಿಸ್ತೂಲು ಮುಟ್ಟದ, ಕಣ್ಣು ಚೆನ್ನಾಗಿಯೇ ಇರುವ ಯುವಕನೂ ಇದೇ ದಾರಿಯಲ್ಲಿ ಪರವಾನಗಿ ಪಡೆದು ಹೋಗುತ್ತಿದ್ದ. ಅವನನ್ನು ಕಂಡು ಯಾರೂ ನಗಲಿಲ್ಲ.

ಒಕ್ಕೂಟ ಸರ್ಕಾರದ ಕಾನೂನಿನ ಕಥೆಯೂ ಹೀಗೆಯೇ. 1968ರ ಬಂದೂಕು ನಿಯಂತ್ರಣ ಕಾಯ್ದೆ ಘೋರ ಅಪರಾಧಿಗಳು, ತಲೆಮರೆಸಿಕೊಂಡವರು, ಮಾದಕ ವ್ಯಸನಿಗಳು, ಮಾನಸಿಕವಾಗಿ ಅಸಮರ್ಥರೆಂದು ನ್ಯಾಯಾಲಯ ಘೋಷಿಸಿದವರು ಬಂದೂಕು ಇಟ್ಟುಕೊಳ್ಳಬಾರದು ಎನ್ನುತ್ತದೆ. ಕಣ್ಣಿನ ಮಾತು ಅದರಲ್ಲಿ ಎಲ್ಲೂ ಇಲ್ಲ. ಮೇಲಾಗಿ, ಆಯುಧ ಹೊಂದುವುದು 1791ರಲ್ಲಿ ಸಂವಿಧಾನಕ್ಕೆ ಸೇರಿದ ಎರಡನೇ ತಿದ್ದುಪಡಿಯಡಿ ವ್ಯಕ್ತಿಯೊಬ್ಬನ ಹಕ್ಕು ಎಂದು ಅಲ್ಲಿನ ಸುಪ್ರೀಂ ಕೋರ್ಟ್ 2008ರಲ್ಲಿ ತೀರ್ಪು ಕೊಟ್ಟಿದೆ. ಹಕ್ಕು ಎಂದ ಮೇಲೆ ಅಂಗವಿಕಲರನ್ನು ಮಾತ್ರ ಹೊರಗಿಟ್ಟರೆ 1990ರ ಅಂಗವಿಕಲರ ಹಕ್ಕುಗಳ ಕಾಯ್ದೆ ಅಡ್ಡ ಬರುತ್ತದೆ ಎಂದು ಅಯೋವಾದಲ್ಲಿ ಅಂಗವಿಕಲರ ಪರ ಕೆಲಸ ಮಾಡುವ ವಕೀಲರು ವಾದಿಸಿದರು.

‘ಅಂಧ’ ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ಪೂರ್ಣ ಕತ್ತಲು. ಅಮೆರಿಕದ ಕಾನೂನಿನ ಅಳತೆ ಬೇರೆ. ಕನ್ನಡಕ ಹಾಕಿಯೂ ಒಳ್ಳೆಯ ಕಣ್ಣಿನ ದೃಷ್ಟಿ 20/200ಕ್ಕಿಂತ ಮೇಲೇರದಿದ್ದರೆ, ಅಂದರೆ ಇತರರು 200 ಅಡಿ ದೂರದಿಂದ ಗುರುತಿಸುವುದನ್ನು 20 ಅಡಿಗೆ ಬಂದು ಗುರುತಿಸಬೇಕಾದರೆ, ಆ ವ್ಯಕ್ತಿ ಕಾನೂನಿನ ಕಣ್ಣಿಗೆ ಅಂಧ. ಇಂಥವರಲ್ಲಿ ಭೂತಗನ್ನಡಿ ಹಿಡಿದು ಪುಸ್ತಕ ಓದುವವರಿದ್ದಾರೆ, ಎದುರು ಕುಳಿತವರ ಮುಖ ಗುರುತಿಸುವವರೂ ಇದ್ದಾರೆ. ಸೀಡರ್ ಕೌಂಟಿಯ ಶೆರಿಫ್ ವಾರನ್ ವೆದಿಂಗ್ಟನ್ ಈ ಪರವಾನಗಿಗಳನ್ನು ಗಟ್ಟಿಯಾಗಿ ಸಮರ್ಥಿಸಿದವರು. ಅವರ ಮಗಳೇ ಕಾನೂನಿನ ಪ್ರಕಾರ ಅಂಧಳು. ಹೊರಗಿನವರ ವಾದಕ್ಕಿಂತ ಈ ತಂದೆಯ ಮಾತಿಗೆ ನಾನು ಹೆಚ್ಚು ತೂಕ ಕೊಡುತ್ತೇನೆ.

ಈ ಚರ್ಚೆ ಅಯೋವಾದಲ್ಲಿ ಎದ್ದದ್ದರಲ್ಲಿ ಆಶ್ಚರ್ಯವಿಲ್ಲ. ಅಂಧರ ಸ್ವಾವಲಂಬನೆಯ ವಿಷಯದಲ್ಲಿ ಆ ರಾಜ್ಯಕ್ಕೆ ದೊಡ್ಡ ಹೆಸರಿದೆ. ಹುಟ್ಟು ಅಂಧರಾದ ಕೆನೆತ್ ಜೆರ್ನಿಗನ್ 1958ರಲ್ಲಿ ಅಲ್ಲಿನ ಅಂಧರ ಇಲಾಖೆಯ ಚುಕ್ಕಾಣಿ ಹಿಡಿದು ಇಪ್ಪತ್ತು ವರ್ಷ ನಡೆಸಿದರು. ಅವರ ತರಬೇತಿ ಕೇಂದ್ರದಲ್ಲಿ ಅಲ್ಪಸ್ವಲ್ಪ ದೃಷ್ಟಿ ಇದ್ದವರಿಗೂ ಕಣ್ಣಿಗೆ ಪಟ್ಟಿ ಕಟ್ಟಿ ಬಿಳಿ ಕೋಲು ಕೊಟ್ಟು ರಸ್ತೆಗೆ ಕಳಿಸುತ್ತಿದ್ದರು. ಮರಗೆಲಸದ ಕೋಣೆಯಲ್ಲಿ ವಿದ್ಯುತ್ ಗರಗಸಕ್ಕೆ ಹಲಗೆ ಕೊಡಲು ಕಲಿಸುತ್ತಿದ್ದರು. ಅಂಧ ಬಡಗಿಗಳು ಅಳತೆಗೆ ಬಳಸುವ ಕಡ್ಡಿಯೊಂದಿದೆ. ಅದನ್ನು ಎಳೆದರೆ ಇಂಚಿನ ಹದಿನಾರನೇ ಒಂದು ಭಾಗಕ್ಕೊಮ್ಮೆ ‘ಟಿಕ್’ ಎನ್ನುತ್ತದೆ, ಬೆರಳಿಗೂ ಕಿವಿಗೂ ಒಟ್ಟಿಗೇ ಲೆಕ್ಕ ಸಿಗುತ್ತದೆ. ತಿರುಗುವ ಗರಗಸದ ಹಲ್ಲಿನಿಂದ ಬೆರಳನ್ನು ಎಷ್ಟು ದೂರ ಇಡಬೇಕೆಂದು ಅದರ ಸದ್ದಿನಿಂದಲೇ ತಿಳಿಯುವವರಿಗೆ ‘ಇದು ಅಪಾಯ, ನಿಮ್ಮಿಂದಾಗದು’ ಎಂಬ ಮಾತು ಹೊಸದಲ್ಲ. ಜೀವನಪೂರ್ತಿ ಅದನ್ನು ಕೇಳಿ, ಜೀವನಪೂರ್ತಿ ಅದನ್ನು ಸುಳ್ಳುಮಾಡುತ್ತ ಬಂದವರು ಅವರು. ಬಂದೂಕಿನ ಮುಂದೆಯೂ ಅದೇ ಮಾತು ಕೇಳಿಬಂದಾಗ ಅವರು ಸಿಟ್ಟಾದದ್ದು ಸಹಜ.

ಅವರ ಭಯವೂ ಕಟ್ಟುಕಥೆಯಲ್ಲ. ಅಮೆರಿಕದ ನ್ಯಾಯ ಇಲಾಖೆಯ ಅಂಕಿಅಂಶ ವಿಭಾಗ 2017ರಿಂದ 2019ರವರೆಗೆ ಲೆಕ್ಕ ಹಾಕಿದಂತೆ, ಅಂಗವಿಕಲರ ಮೇಲೆ ನಡೆಯುವ ಹಿಂಸೆಯ ಪ್ರಮಾಣ ಇತರರ ಮೇಲಿನದಕ್ಕಿಂತ ಸುಮಾರು ನಾಲ್ಕು ಪಟ್ಟು. ಬಿಳಿ ಕೋಲು ಹಿಡಿದು ಒಂಟಿಯಾಗಿ ಬಸ್ಸಿಗೆ ಕಾಯುವ ಹೆಣ್ಣುಮಗಳು ಆತ್ಮರಕ್ಷಣೆ ಬಯಸುವುದರಲ್ಲಿ ತಪ್ಪೇನಿದೆ?

ಹಾಗಾದರೆ ಕಣ್ಣಿಲ್ಲದೆ ಗುರಿಯಿಡಲು ಬರುತ್ತದೆಯೇ? ಖಂಡಿತ ಬರುತ್ತದೆ. ಚಳಿಗಾಲದ ಪ್ಯಾರಾಲಿಂಪಿಕ್ಸ್‌ನ ಬಯಾಥ್ಲಾನ್‌ನಲ್ಲಿ 1992ರಿಂದಲೂ ಅಂಧರು ಸ್ಪರ್ಧಿಸುತ್ತಿದ್ದಾರೆ. ಹಿಮದ ಮೇಲೆ ಸ್ಕೀ ಮಾಡಿಕೊಂಡು ಏದುಸಿರು ಬಿಡುತ್ತ ಬಂದ ಸ್ಪರ್ಧಿ ನೆಲಕ್ಕೆ ಮಲಗಿ ಕಿವಿಗೆ ಹೆಡ್‌ಫೋನ್ ಹಾಕಿಕೊಳ್ಳುತ್ತಾರೆ. ಹತ್ತು ಮೀಟರ್ ದೂರದಲ್ಲಿ ಗುರಿಫಲಕ. ಕೋವಿಯ ಮೂತಿ ಗುರಿಯ ನಡುವಿಗೆ ಹತ್ತಿರವಾದಂತೆ ಕಿವಿಯಲ್ಲಿ ಕೇಳುವ ನಾದ ಏರುತ್ತದೆ, ಜಾರಿದರೆ ಇಳಿಯುತ್ತದೆ. ಸ್ವರ ನೆತ್ತಿಗೇರಿದ ಕ್ಷಣ ಉಸಿರು ಹಿಡಿದು ಕುದುರೆ ಎಳೆಯಬೇಕು. 2022ರ ಬೀಜಿಂಗ್ ಕೂಟದಲ್ಲಿ ಉಕ್ರೇನಿನ ಒಕ್ಸಾನಾ ಶಿಶ್ಕೋವಾ ಈ ವಿಭಾಗದಲ್ಲಿ ಚಿನ್ನ ಗೆದ್ದರು. ಕೈ ನಡುಗದೆ ಗುರಿಯಿಡುವುದು ಕಣ್ಣಿದ್ದವರ ಸ್ವತ್ತಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಆದರೆ ಆ ಕೋವಿಯಿಂದ ಗುಂಡು ಹೊರಡುವುದಿಲ್ಲ, ಕಣ್ಣಿಗೆ ಕಾಣದ ಅವಕೆಂಪು ಕಿರಣ ಹೊರಡುತ್ತದೆ. ಗುರಿಫಲಕ ತಾನಿರುವ ಜಾಗವನ್ನು ಸದ್ದಿನಲ್ಲಿ ಹೇಳುತ್ತಲೇ ಇರುತ್ತದೆ. ಬೀದಿಯಲ್ಲಿ ಮೈಮೇಲೆ ಬೀಳುವವನು ಹಾಗೆ ಹೇಳುವುದಿಲ್ಲ. ಅವನ ಹಿಂದೆ ನಿಂತ ಮಗು ಅದಕ್ಕಿಂತಲೂ ಮೌನ. ಈ ಚರ್ಚೆಯಲ್ಲಿ ಹೆಚ್ಚು ಕೇಳಿಬರದ ಇನ್ನೊಂದು ಸಂಗತಿಯೂ ಇದೆ. ಪಿಸ್ತೂಲಿನ ಸದ್ದು ಸಾಮಾನ್ಯವಾಗಿ 140 ಡೆಸಿಬೆಲ್ ದಾಟುತ್ತದೆ. ಮುಚ್ಚಿದ ಕೋಣೆಯಲ್ಲಿ ಒಂದೇ ಒಂದು ಗುಂಡು ಹಾರಿದರೂ ಸಾಕು, ಕಿವಿ ‘ಗುಂಯ್’ ಎನ್ನತೊಡಗಿ ಸ್ವಲ್ಪ ಹೊತ್ತು ಬೇರೇನೂ ಸರಿಯಾಗಿ ಕೇಳಿಸದು. ಕಣ್ಣಿರುವವನಿಗೆ ಆಗ ಕಣ್ಣಿನ ಆಸರೆಯಾದರೂ ಉಳಿದಿರುತ್ತದೆ. ಕಿವಿಯನ್ನೇ ನಂಬಿದವರಿಗೆ ಮೊದಲ ಗುಂಡಿನೊಂದಿಗೇ ಆ ಆಸರೆ ತಪ್ಪಿಹೋಗುತ್ತದೆ. ಎರಡನೇ ಗುಂಡು ಹಾರಿಸಬೇಕೇ, ನಿಲ್ಲಿಸಬೇಕೇ, ಎದುರಾಳಿ ಬಿದ್ದನೇ, ಓಡಿದನೇ, ಸಹಾಯಕ್ಕೆ ಬಂದವರು ಯಾರು? ಒಂದೂ ತಿಳಿಯದು.

ಅಂಧರ ಪರ ವಾದಿಸುವವರ ಬಲವಾದ ಉತ್ತರವೊಂದಿದೆ: ದೂರದಲ್ಲಿರುವವನಿಗೆ ನಾವು ಗುಂಡು ಹಾರಿಸುವುದಿಲ್ಲ, ನಮ್ಮ ಕೊರಳಪಟ್ಟಿ ಹಿಡಿದವನಿಗೆ ಮಾತ್ರ ಹಾರಿಸುತ್ತೇವೆ, ಅಲ್ಲಿ ಗುರಿಯಿಡುವ ಪ್ರಶ್ನೆಯೇ ಇಲ್ಲ. ಈ ಮಾತನ್ನು ತಳ್ಳಿಹಾಕುವಂತಿಲ್ಲ. ಆದರೂ ಮೈಯಲ್ಲಿ ಹೊಕ್ಕ ಗುಂಡು ಮೈಯಲ್ಲೇ ನಿಲ್ಲುತ್ತದೆಂಬ ಖಾತರಿಯಿಲ್ಲ, ಅದು ಆಚೆಗೂ ಹೋಗಬಹುದು. ಬಂದೂಕು ಹಿಡಿಯುವವರಿಗೆ ಮೊದಲ ದಿನವೇ ಹೇಳಿಕೊಡುವ ನಿಯಮ, ಗುರಿ ಯಾವುದೆಂದೂ ಗುರಿಯ ಹಿಂದೆ ಏನಿದೆಯೆಂದೂ ತಿಳಿಯದೆ ಕುದುರೆಗೆ ಬೆರಳಿಡಬೇಡ ಎಂಬುದು. ಆ ನಿಯಮದ ಎರಡನೇ ಅರ್ಧವನ್ನು ಜನಸಂದಣಿಯಲ್ಲಿ ಕಣ್ಣಿಲ್ಲದೆ ಪಾಲಿಸುವ ದಾರಿ ನನಗೆ ತೋಚುತ್ತಿಲ್ಲ. ಅಂಧರು ಎಲ್ಲದರಲ್ಲೂ ಭಾಗವಹಿಸಬಲ್ಲರು ಎಂದು ನಂಬಿದ, ಅಯೋವಾದ ಅಂಧರ ಶಾಲೆಯ ಮುಖ್ಯಸ್ಥರೇ ಬಂದೂಕು ಅದಕ್ಕೊಂದು ಅಪರೂಪದ ಅಪವಾದವಿರಬಹುದು ಎಂದರು.

ಹಾಗೆಂದು ಆ ನಿಯಮವನ್ನು ಕಣ್ಣಿರುವವರು ಪಾಲಿಸುತ್ತಾರೆಯೇ? 2012ರ ಆಗಸ್ಟ್ 24ರಂದು ನ್ಯೂಯಾರ್ಕ್‌ನ ಎಂಪೈರ್ ಸ್ಟೇಟ್ ಕಟ್ಟಡದ ಮುಂದೆ ಹಾಡಹಗಲೇ ಇಬ್ಬರು ಪೊಲೀಸರು ಹಂತಕನೊಬ್ಬನತ್ತ 16 ಗುಂಡು ಹಾರಿಸಿದರು. ದಾರಿಹೋಕರಲ್ಲಿ ಒಂಬತ್ತು ಜನ ಗಾಯಗೊಂಡರು. ಅಷ್ಟೂ ಗಾಯ ಪೊಲೀಸರ ಗುಂಡು ಮತ್ತು ಅದರ ಚೂರುಗಳಿಂದ ಆದದ್ದು. ಅದೇ ನಗರದ ಪೊಲೀಸರ ಬಗ್ಗೆ ರ‍್ಯಾಂಡ್ ಸಂಸ್ಥೆ 2008ರಲ್ಲಿ ಕೊಟ್ಟ ವರದಿಯ ಪ್ರಕಾರ, ಎದುರಿನಿಂದಲೂ ಗುಂಡು ಬರುವಾಗ ಅವರ ಗುಂಡುಗಳಲ್ಲಿ ಗುರಿ ಮುಟ್ಟಿದ್ದು ಶೇ 18 ಮಾತ್ರ. ನಮ್ಮ ಮಲೆನಾಡಿನ ಸುದ್ದಿಯೂ ಬೇರೆಯಲ್ಲ. ರಾತ್ರಿ ಶಿಕಾರಿಗೆ ಹೋದವರು ಪೊದೆ ಅಲುಗಿದ್ದನ್ನು ಕಂಡು ಕಾಡುಹಂದಿಯೆಂದು ಸಂಗಡಿಗನಿಗೇ ಗುಂಡು ಹೊಡೆದ ವರದಿ ಆಗಾಗ ಓದಲು ಸಿಗುತ್ತದೆ. ಹೊಡೆದವರಿಗೆ ಕಣ್ಣು ಚೆನ್ನಾಗಿಯೇ ಇತ್ತು.

ಭಾರತದಲ್ಲಿ ಈ ಪ್ರಶ್ನೆ ಅಷ್ಟು ಮೊನಚಾಗಿ ಏಳುವುದಿಲ್ಲ. 1959ರ ಆಯುಧ ಕಾಯ್ದೆಯಡಿ ಬಂದೂಕು ನಮಗೆ ಹಕ್ಕಲ್ಲ, ಅನುಮತಿ. 2016ರ ನಿಯಮಗಳು ದೇಹ ಮತ್ತು ಮನಸ್ಸಿನ ಆರೋಗ್ಯಕ್ಕೆ ವೈದ್ಯರ ಪ್ರಮಾಣಪತ್ರ ಕೇಳುತ್ತವೆ, ಸುರಕ್ಷತೆಯ ತರಬೇತಿಯನ್ನೂ ಕೇಳುತ್ತವೆ. ಆದರೆ ಕೊಡಗಿನ ಕೊಡವರು ಮತ್ತು ಜಮ್ಮಾ ಹಿಡುವಳಿದಾರರು ಪರವಾನಗಿಯಿಂದ ಹೊರಗಿದ್ದಾರೆ. ಆ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಇನ್ನೂ ಹತ್ತು ವರ್ಷ ಮುಂದುವರಿಸಿತು, 2021ರಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು. ಅಲ್ಲಿ ಕೋವಿ ಮನೆತನದ ಗೌರವ. ಕೈಲ್‌ಪೊಳ್ದ್ ಹಬ್ಬದಲ್ಲಿ ಪೂಜೆಗಿಟ್ಟ ಕೋವಿಯನ್ನು ದೃಷ್ಟಿ ಕಳೆದುಕೊಂಡ ಅಜ್ಜನ ಕೈಯಿಂದ ಕಿತ್ತುಕೊಳ್ಳಬೇಕೆಂದು ಯಾರೂ ಹೇಳಲಾರರು, ಹೇಳಬಾರದು.

ಹೊಂದುವುದು ಬೇರೆ, ಹೊತ್ತು ತಿರುಗುವುದು ಬೇರೆ. ನಮ್ಮ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇಲ್ಲಿ ಒಳ್ಳೆಯ ಅಳತೆಗೋಲು ಕೊಡುತ್ತದೆ. ಅಂಗವಿಕಲತೆಯ ಕಾರಣಕ್ಕೆ ಭೇದ ಮಾಡಬಾರದು, ಮಾಡಲೇಬೇಕಾದರೆ ಅದು ನ್ಯಾಯವಾದ ಉದ್ದೇಶಕ್ಕೆ ಎಷ್ಟು ಬೇಕೋ ಅಷ್ಟೇ ಇರಬೇಕು. ಬೀಗ ಹಾಕಿದ ಕಪಾಟಿನಲ್ಲಿ ಅಂಧರೊಬ್ಬರ ಅಪ್ಪನ ಕಾಲದ ಕೋವಿ ಇದ್ದರೆ ಯಾರಿಗೂ ತೊಂದರೆಯಿಲ್ಲ. ಜೊತೆಗೊಬ್ಬರಿರುವಾಗ ಅಭ್ಯಾಸದ ಮೈದಾನದಲ್ಲಿ ಅವರು ಗುಂಡು ಹಾರಿಸಿದರೂ ತೊಂದರೆಯಿಲ್ಲ. ಗುಂಡು ತುಂಬಿದ ಪಿಸ್ತೂಲು ಸಂತೆಗೆ, ಬಸ್ ನಿಲ್ದಾಣಕ್ಕೆ ಬಂದಾಗ ಮಾತ್ರ ಇತರರ ಜೀವದ ಪ್ರಶ್ನೆ ಏಳುತ್ತದೆ.

ದುರಂತವೆಂದರೆ ಅಮೆರಿಕ ಈಗ ಆ ಪ್ರಶ್ನೆಯನ್ನೇ ಕೈಬಿಡುತ್ತಿದೆ. 2013ರ ಚರ್ಚೆಯ ವೇಳೆ, ಪರವಾನಗಿಗೆ ದೃಷ್ಟಿಯ ಪುರಾವೆ ಕೇಳುವ ರಾಜ್ಯಗಳೆಂದು ನೆಬ್ರಾಸ್ಕ ಮತ್ತು ದಕ್ಷಿಣ ಕೆರೊಲಿನಾವನ್ನು ತೋರಿಸುತ್ತಿದ್ದರು. ಅಯೋವಾ 2021ರ ಜುಲೈನಿಂದ ಪರವಾನಗಿಯ ಅಗತ್ಯವನ್ನೇ ತೆಗೆದುಹಾಕಿತು. ನೆಬ್ರಾಸ್ಕ 2023ರಲ್ಲಿ, ದಕ್ಷಿಣ ಕೆರೊಲಿನಾ 2024ರಲ್ಲಿ ಅದೇ ಹಾದಿ ಹಿಡಿದವು. 2024ರ ಹೊತ್ತಿಗೆ ಇಂಥ ರಾಜ್ಯಗಳು 29. ಅಲ್ಲಿ ಪಿಸ್ತೂಲು ಹೊತ್ತು ಹೊರಡುವವನ ಕಣ್ಣನ್ನಾಗಲಿ ಕೈಯನ್ನಾಗಲಿ ತಿಳಿವಳಿಕೆಯನ್ನಾಗಲಿ ಯಾರೂ ಪರೀಕ್ಷಿಸುವುದಿಲ್ಲ.

ಆ ರಾಜ್ಯಗಳ ಶಾಸನಸಭೆಗಳು ಪರೀಕ್ಷೆಯನ್ನು ವಾಪಸು ತರಬೇಕು. ನಿಜವಾದ ಗುಂಡು ಹಾರಿಸಿ, ಗುರಿಯನ್ನೂ ಅದರ ಹಿಂದಿರುವುದನ್ನೂ ಗುರುತಿಸಿ ತೋರಿಸುವ ಪರೀಕ್ಷೆ, ಎಲ್ಲರಿಗೂ ಒಂದೇ. ಅದರಲ್ಲಿ ಪಾಸಾಗುವ ಅಲ್ಪದೃಷ್ಟಿಯವರಿಗೆ ಪರವಾನಗಿ ಕೊಡಲಿ. ಪಾಸಾಗದವರಿಗೆ, ಅವರ ಕೈಯಲ್ಲಿ ಬಿಳಿ ಕೋಲಿರಲಿ, ಕಾರಿನ ಕೀಲಿ ಇರಲಿ, ಪಿಸ್ತೂಲು ಹೊತ್ತು ಬೀದಿಗಿಳಿಯಲು ಅನುಮತಿ ಕೊಡಬಾರದು.